ರೂಪದ ಕಾಯಕ: ಚಿತ್ರಕಾರ ಎಸ್. ಎಂ. ಪಂಡಿತರ ಹಿನ್ನೆಲೆ ಮತ್ತು ದೃಷ್ಟಿ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ತತ್ತ್ವ, ಸಾಹಿತ್ಯ, ಶಿಕ್ಷಣ, ದಾಸೋಹ ಇವುಗಳನ್ನು ಕುರಿತು ವಿದ್ವಾಂಸರು ಈಗಾಗಲೇ ಮಾತನಾಡಿದ್ದಾರೆ. ನನಗೆ ಅಪ್ಪಣೆಯಾದ ವಿಷಯವು ಚಿತ್ರಕಲೆ. ವ್ಯಾಕರಣ ತರ್ಕಗಳ ಪಾಠ ಹೇಳಿಕೊಂಡಿರುವ ಪಾಠಶಾಲೆಯ ಪಂಡಿತನಿಗೆ ಕುಂಚ ಬಣ್ಣಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ಚಿತ್ರವನ್ನು ಬರೆಯುವವನು ಒಬ್ಬ, ನೋಡುವವರು ಸಾವಿರ ಜನ. ಆ ಸಾವಿರದಲ್ಲಿ ಒಬ್ಬನಾಗಿ, ಶಾಸ್ತ್ರದಲ್ಲಿ ಓದಿದುದನ್ನು ಕಣ್ಣಿಗೆ ಕಂಡುದರೊಡನೆ ಹೊಂದಿಸಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ನಾನು ಹೇಳಬೇಕೆಂದಿರುವದು ನಮ್ಮ ಸೀಮೆಯ ಒಬ್ಬ ಚಿತ್ರಕಾರರ ವಿಷಯ. ಅವರು ಕಲಬುರಗಿಯ ಸಾಂಬಾನಂದ ಮೋನಪ್ಪ ಪಂಡಿತರು. ಲೋಕವು ಅವರನ್ನು ಎಸ್. ಎಂ. ಪಂಡಿತ ಎಂಬ ಹೆಸರಿನಿಂದ ಬಲ್ಲದು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರನ್ನು ಇಟ್ಟಿರುವದರಿಂದ ಆ ಹೆಸರು ತಮ್ಮಲ್ಲಿ ಬಹುಜನರ ಕಿವಿಗೆ ಬಿದ್ದಿರಬೇಕು. ಆದರೆ ಬಾಗಿಲ ಮೇಲಿನ ಹೆಸರನ್ನು ಓದಿ ಒಳಗೆ ಹೋಗುವವರಲ್ಲಿ, ಈ ಹೆಸರಿನವರು ಏನು ಮಾಡಿದರು, ಯಾರ ಹತ್ತಿರ ಕಲಿತರು, ಜಗತ್ತನ್ನು ಯಾವ ಕಣ್ಣಿನಿಂದ ನೋಡಿದರು ಎಂದು ಕೇಳುವವರು ವಿರಳ. ಅವರ ಕೈಯ ಚಿತ್ರಗಳು ಮುದ್ರಣವಾಗಿ ಮನೆಮನೆಗೂ ಹೋದವು. ಬರೆದವರ ಹೆಸರು ಮಾತ್ರ ಚಿತ್ರದ ಮೂಲೆಯಲ್ಲಿಯೇ ಉಳಿಯಿತು.

ವಿಚಾರಕ್ಕೆ ಇಳಿಯುವ ಮುನ್ನ, ನಮ್ಮವರಲ್ಲಿ ಆಗಾಗ ಏಳುವ ಎರಡು ಶಂಕೆಗಳನ್ನು ಎದುರಿಗೆ ಇಟ್ಟುಕೊಳ್ಳುವದು ಲೇಸು. ಮೊದಲನೆಯದು: ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ನಿರಾಕಾರವನ್ನು ಅರಸುವ ನಮ್ಮ ಸಮಯಕ್ಕೆ ರೂಪಚಿತ್ರಗಳಿಂದ ಆಗಬೇಕಾದುದೇನು? ಎರಡನೆಯದು: ಕ್ಷಣಮಾತ್ರದಲ್ಲಿ ರೂಪವನ್ನು ಹಿಡಿಯುವ ಯಂತ್ರವು ಪ್ರತಿಯೊಬ್ಬರ ಕಿಸೆಯಲ್ಲಿರುವ ಈ ಕಾಲದಲ್ಲಿ, ಇದ್ದುದನ್ನು ಇದ್ದಂತೆ ಬರೆಯುವ ಚಿತ್ರಕಾರನಿಗೆ ಉಳಿದ ಕೆಲಸವೇನು? ಪಂಡಿತರ ಜೀವನವನ್ನೂ ಅವರ ಕೃತಿಗಳ ರೀತಿಯನ್ನೂ ನೋಡುತ್ತ ಹೋದರೆ ಈ ಎರಡಕ್ಕೂ ಸಮಾಧಾನವು ದೊರೆಯುವದೆಂದು ನನ್ನ ನಂಬಿಗೆ.

ಪಂಡಿತರು ಹುಟ್ಟಿದ್ದು 1916ನೆಯ ಇಸವಿ ಮಾರ್ಚ 25ರಂದು, ಕಲಬುರಗಿಯಲ್ಲಿ. ಮನೆತನವು ವಿಶ್ವಕರ್ಮರದು. ತಂದೆಯ ಹೆಸರು ಮೋನಪ್ಪ. ತಿಂಥಣಿಯ ಮೌನೇಶ್ವರನನ್ನು ನೆನೆದು ಮಕ್ಕಳಿಗೆ ಇಡುವ ಹೆಸರು ಇದೆಂಬದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ ಈ ಐದು ವಸ್ತುಗಳಲ್ಲಿ ರೂಪವನ್ನು ತೆಗೆಯುವದೇ ವಿಶ್ವಕರ್ಮರ ಕಾಯಕ. ಇಂಥ ಕುಲದಲ್ಲಿ ಬೆಳೆದ ಕೂಸು ಅಕ್ಷರ ಕಲಿಯುವದಕ್ಕಿಂತ ಮೊದಲೇ ಆಕಾರವನ್ನು ಕಲಿಯುವದು. ವಸ್ತುವಿಗೆ ಮುಂದಿನ ಭಾಗವಿರುವಂತೆ ಹಿಂದಿನ ಭಾಗವೂ ಇದೆ, ತೂಕವೂ ಇದೆ ಎಂಬದನ್ನು ಕೈಯಿಂದಲೇ ತಿಳಿದುಕೊಳ್ಳುವದು. ಮುಂದೆ ಪಂಡಿತರು ಬರೆದ ವೀರರ ಭುಜಗಳನ್ನೂ ಋಷಿಗಳ ಎದೆಗಳನ್ನೂ ನೋಡಿದಾಗ, ಬಣ್ಣದಿಂದ ಬಳಿದವುಗಳೆನ್ನುವದಕ್ಕಿಂತ ಎರಕ ಹೊಯ್ದು ನಿಲ್ಲಿಸಿದವುಗಳೆಂದು ನನಗೆ ಅನಿಸುವದು ಈ ಕಾರಣದಿಂದಲೇ.

ಆ ಕಾಲದಲ್ಲಿ ಕಲಬುರಗಿಯು ನಿಜಾಮರ ಆಳಿಕೆಗೆ ಸೇರಿದ್ದಿತು. 1948ನೆಯ ಇಸವಿ ಸಪ್ಟಂಬರ 17ರ ತನಕವೂ ಅದೇ ಸ್ಥಿತಿ. ಕಚೇರಿಯ ಭಾಷೆ ಉರ್ದು. ಮನೆಯ ಮಾತು ಕನ್ನಡ. ಪಶ್ಚಿಮದ ಗಡಿಯ ಕಡೆಗೆ ಮರಾಠಿ. ಚಿತ್ರವಿದ್ಯೆಯನ್ನು ಕಲಿಸುವ ದೊಡ್ಡ ಶಾಲೆಗಳು ಇದ್ದುದು ಬಹುದೂರದ ಎರಡು ಪಟ್ಟಣಗಳಲ್ಲಿ: ಮದ್ರಾಸಿನಲ್ಲಿ 1850ರಲ್ಲಿ ಸ್ಥಾಪಿತವಾದ ಶಾಲೆಯೊಂದು, ಮುಂಬಯಿಯಲ್ಲಿ 1857ರಲ್ಲಿ ಸ್ಥಾಪಿತವಾದ ಸರ್ ಜೆ. ಜೆ. ಕಲಾಶಾಲೆಯೊಂದು. ಮುಂಬಯಿಯಿಂದ ಬಂದ ರೈಲುದಾರಿಯು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿತು. ಆ ದಾರಿಯು ಹಾಯುವದು ನಮ್ಮ ಕಲಬುರಗಿಯ ಮೇಲೆಯೇ. ಒಂದೇ ದಾರಿಯ ಎರಡು ತುದಿಗಳಿಗೆ ಎರಡು ಕಲಾಶಾಲೆಗಳು, ನಡುವೆ ಈ ಬಾಲಕನ ಊರು. ಪಂಡಿತರು ಎರಡೂ ತುದಿಗಳಿಗೆ ಹೋಗಿ ಬಂದವರು.

ಆದರೆ ಅವರಿಗೆ ಮೊದಲನೆಯ ದೀಕ್ಷೆ ದೊರೆತದ್ದು ಊರಲ್ಲಿಯೇ. ಆ ಗುರುಗಳ ಹೆಸರು ಶಂಕರರಾವ್ ಆಳಂದಕರ. ಆಳಂದದ ಭಕ್ತರು ಈ ಅಡ್ಡಹೆಸರನ್ನು ಲಕ್ಷ್ಯಕೊಟ್ಟು ಕೇಳಬೇಕು. ತಮ್ಮ ಊರಿನ ಹೆಸರೇ ಅದರಲ್ಲಿ ಕುಳಿತಿದೆ. ಆಳಂದಕರರು ಮುಂಬಯಿಯ ಜೆ. ಜೆ. ಶಾಲೆಯಲ್ಲಿ ಕಲಿತವರು. ಅಲ್ಲಿ ತಾವು ಪಡೆದುದನ್ನು ಈ ಸೀಮೆಗೆ ತಂದು ಒಬ್ಬ ಹುಡುಗನ ಕೈಯಲ್ಲಿ ಇಟ್ಟರು. ಶಿಷ್ಯನ ಹೆಸರು ದೇಶದಲ್ಲೆಲ್ಲ ಹಬ್ಬಿತು. ಗುರುವಿನ ಹೆಸರನ್ನು ಇಂದು ಬಲ್ಲವರು ಬೆರಳೆಣಿಕೆಯಷ್ಟು. ಬೀಜವನ್ನು ಯಾರೂ ಹೊಗಳುವದಿಲ್ಲ, ಬೆಳೆಯನ್ನು ಹೊಗಳುವರು. ಗುರುಸ್ಥಲವನ್ನು ಮೊದಲನೆಯದಾಗಿ ಎಣಿಸುವ ನಾವಾದರೂ ಆ ಹೆಸರನ್ನು ಉಳಿಸಿಕೊಳ್ಳತಕ್ಕದ್ದು.

ಆಮೇಲೆ ಪಂಡಿತರು ಮದ್ರಾಸಿನ ಕಲಾಶಾಲೆಯ ಪದವಿಪತ್ರವನ್ನು ಸಂಪಾದಿಸಿದರು. ಅನಂತರ ಮುಂಬಯಿಗೆ ಹೋಗಿ ನೂತನ ಕಲಾಮಂದಿರದಲ್ಲಿ ಜಿ. ಎಸ್. ದಂಡಾವತಿಮಠರ ಹತ್ತಿರ ಅಭ್ಯಾಸ ಮಾಡಿದರು. ಹೆಸರಿನಲ್ಲಿಯೇ ಮಠವನ್ನು ಹೊತ್ತ ಆ ಗುರುಗಳ ಶಾಲೆಯು ಮುಂಬಯಿಯಂಥ ಮಹಾನಗರದಲ್ಲಿ ಕನ್ನಡದ ಹುಡುಗರಿಗೆ ತವರುಮನೆಯಂತೆ ಇದ್ದಿತು. ಅಲ್ಲಿಂದ ಜೆ. ಜೆ. ಶಾಲೆ. ಆಗ ಅದರ ಮುಖ್ಯಸ್ಥರಾಗಿದ್ದ ಗ್ಲ್ಯಾಡ್‌ಸ್ಟನ್ ಸಾಲೊಮನ್ ಸಾಹೇಬರು ಜೀವಂತ ಮನುಷ್ಯನನ್ನು ಎದುರಿಗೆ ಕೂಡಿಸಿಕೊಂಡು ಬರೆಯುವ ಅಭ್ಯಾಸವನ್ನೂ ಭಿತ್ತಿಚಿತ್ರದ ಅಭ್ಯಾಸವನ್ನೂ ಅಲ್ಲಿ ರೂಢಿಗೆ ತಂದವರು. ಹೀಗೆ ಕಲಬುರಗಿಯಲ್ಲಿ ಮೊದಲ ಗೆರೆ, ಮದ್ರಾಸಿನಲ್ಲಿ ಶಿಸ್ತು, ಮುಂಬಯಿಯಲ್ಲಿ ದೇಹದ ಅಭ್ಯಾಸ ಎಂದು ಮೂರು ಮೆಟ್ಟಲುಗಳಲ್ಲಿ ಅವರ ವಿದ್ಯೆಯು ಸಿದ್ಧವಾಯಿತು.

ಇಲ್ಲಿ ತೈಲಚಿತ್ರವೆಂದರೇನೆಂಬದನ್ನು ಸ್ವಲ್ಪ ತಿಳಿಯುವದು ಅವಶ್ಯ. ನಮ್ಮ ಸೀಮೆಗೆ ಚಿತ್ರವಿದ್ಯೆಯು ಹೊಸದಲ್ಲ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಸಂಪ್ರದಾಯವು ಪ್ರಸಿದ್ಧವೇ ಇದೆ. ಆ ಚಿತ್ರಗಳಲ್ಲಿ ಗೆರೆಯೇ ಪ್ರಾಣ. ಬಣ್ಣವು ಗೆರೆಯ ಒಳಗೆ ಸಮತಟ್ಟಾಗಿ ನಿಲ್ಲುವದು. ಬಂಗಾರದ ಕೆಲಸದಿಂದ ಪಟವೆಲ್ಲ ಹೊಳೆಯುವದು. ಬೆಳಕು ಇಂಥ ದಿಕ್ಕಿನಿಂದಲೇ ಬಂದಿತೆಂದು ಅಲ್ಲಿ ಯಾರೂ ಕೇಳುವದಿಲ್ಲ, ಏಕೆಂದರೆ ದೇವತೆಯೇ ಬೆಳಕು. ಪಾಶ್ಚಾತ್ಯ ತೈಲಚಿತ್ರವು ಬೇರೊಂದು ಮಾರ್ಗವನ್ನು ಹಿಡಿಯಿತು. ಅದರಲ್ಲಿ ಬೆಳಕು ಒಂದು ದಿಕ್ಕಿನಿಂದ ಬಂದು ಕೆನ್ನೆಯ ಮೇಲೆ ಬಿದ್ದು, ಮೂಗಿನ ಬದಿಗೆ ನೆರಳಾಗಿ, ಕೊರಳಿನಲ್ಲಿ ಮಂದವಾಗಿ ಮರೆಯಾಗುವದು. ಗೆರೆಯು ಕರಗಿ ಛಾಯೆಯಾಗುವದು. ತಿರುವಾಂಕೂರಿನ ರಾಜಾ ರವಿವರ್ಮರು (1848–1906) ಈ ರೀತಿಯಲ್ಲಿ ನಮ್ಮ ಪುರಾಣಕಥೆಗಳನ್ನು ಬರೆದರು. ಅವರು 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಆ ಚಿತ್ರಗಳು ಬಡವರ ಗೋಡೆಗೂ ಬಂದವು. ಪಂಡಿತರು ನಡೆದದ್ದು ಈ ಹಾದಿಯಲ್ಲಿಯೇ.

ಈ ವಿದ್ಯೆಯು ವಿದೇಶದಿಂದ ಬಂದದ್ದಾದರೂ ಅದರ ಜೀವದ್ರವ್ಯವು ನಮ್ಮ ಹೊಲದ್ದೇ ಇದೆ. ಬಣ್ಣದ ಪುಡಿಯನ್ನು ಅರೆಯುವದು ಅಗಸೆಯ ಎಣ್ಣೆಯಲ್ಲಿ. ಅಫಜಲಪುರ, ಜೇವರ್ಗಿಗಳ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆದು, ಹುರಿದು ಕುಟ್ಟಿ, ರೊಟ್ಟಿಯ ಜೊತೆಗೆ ಹಿಂಡಿಯನ್ನಾಗಿ ನಾವು ಉಣ್ಣುವ ಅದೇ ಅಗಸೆ. ಎಣ್ಣೆಗಳಲ್ಲಿ ಎರಡು ಜಾತಿ. ಕೊಬ್ಬರಿ ಎಣ್ಣೆ, ಔಡಲ ಎಣ್ಣೆಗಳನ್ನು ಹಲಗೆಯ ಮೇಲೆ ಸವರಿದರೆ ಜಿಡ್ಡಾಗಿಯೇ ಉಳಿಯುವವು. ಅಗಸೆಯ ಎಣ್ಣೆಯು ಹಾಗಲ್ಲ; ಗಾಳಿಯಲ್ಲಿಯ ಪ್ರಾಣವಾಯುವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಗಟ್ಟಿಯಾದ ಪದರಾಗುವದು. ನಮ್ಮ ಕುಸುಬೆಯ ಎಣ್ಣೆಯೂ ಹೀಗೆಯೇ ಒಣಗುವದು. ಅದು ಅಗಸೆಯಷ್ಟು ಹಳದಿಗೆ ತಿರುಗದ ಕಾರಣ ಬಿಳುಪು ಮೊದಲಾದ ತಿಳಿಬಣ್ಣಗಳಿಗೆ ಅದನ್ನು ಬಳಸುವದುಂಟು. ಒಣಗುವದಕ್ಕೆ ದಿನಗಳು, ವಾರಗಳು ಹಿಡಿಯುವದರಿಂದ ಚಿತ್ರಕಾರನಿಗೆ ಒಂದು ಛಾಯೆಯನ್ನು ಇನ್ನೊಂದರಲ್ಲಿ ಬೆರೆಸಲು ಅವಕಾಶ ದೊರೆಯುವದು. ಕೆನ್ನೆಯ ಕೆಂಪು ಎಲ್ಲಿ ಮುಗಿದು ನೆರಳು ಎಲ್ಲಿ ಮೊದಲಾಯಿತೆಂದು ತೋರದಂತೆ ಮಾಡಬಹುದು. ಆದರೆ ಇಲ್ಲಿಯೂ ಕ್ರಮವುಂಟು. ಕೆಳಗಿನ ಲೇಪದಲ್ಲಿ ಎಣ್ಣೆ ಕಡಿಮೆ, ಮೇಲಿನ ಲೇಪದಲ್ಲಿ ಹೆಚ್ಚು ಇರಬೇಕು. ಅವಸರಪಟ್ಟು ಕ್ರಮ ತಪ್ಪಿದರೆ ಪಟವು ಬೇಸಿಗೆಯ ಎರೆಹೊಲದಂತೆ ಬಿರಿಯುವದು. ತಾಳ್ಮೆಯೇ ಈ ವಿದ್ಯೆಯ ಅರ್ಧಭಾಗ.

ವಿದ್ಯೆ ಮುಗಿದ ಮೇಲೆ ಹೊಟ್ಟೆಯ ಪ್ರಶ್ನೆ. ಪಂಡಿತರಿಗೆ ಅನ್ನ ಕೊಟ್ಟದ್ದು ಮುಂಬಯಿಯ ಚಲಚಿತ್ರಲೋಕ. ಚಿತ್ರಮಂದಿರದ ಎದುರಿಗೆ ತೂಗುಹಾಕುವ ಪ್ರಕಟಣೆಯ ಫಲಕಗಳನ್ನು ಅವರು ಬರೆದರು. ಬಾಬೂರಾವ್ ಪಟೇಲರ ‘ಫಿಲ್ಮಿಂಡಿಯಾ’ ಪತ್ರಿಕೆಗೂ ಬರೆದರು. ಈ ಕೆಲಸಕ್ಕೆ ಬಳಸುವದು ನೀರಿನಲ್ಲಿ ಕಲಸಿದ ಗಟ್ಟಿಬಣ್ಣ. ಅದು ತೈಲವರ್ಣದಂತೆ ಕಾಯುವದಿಲ್ಲ, ಹಚ್ಚಿದ ಕೂಡಲೆ ಒಣಗುವದು. ರಸ್ತೆಯ ಮೇಲೆ ಹೋಗುವವನು ಒಂದು ಸಲ ಕಣ್ಣೆತ್ತಿ ನೋಡುವಷ್ಟರಲ್ಲಿ ನಾಯಕ ಯಾರು, ನಾಯಿಕೆ ಯಾರು, ಕಥೆಯು ವಿರಹವೋ ವೀರವೋ ಎಂಬದು ತಿಳಿಯಬೇಕು. ಇಂಥ ಕೆಲಸವನ್ನು ಕೀಳೆಂದು ತಿಳಿಯುವವರುಂಟು. ನನ್ನ ವಿಚಾರದಲ್ಲಿ, ಮುಖವು ಮಾತನಾಡಬೇಕು, ಬೆಳಕು ಕಥೆ ಹೇಳಬೇಕು ಎಂಬ ಪಾಠವು ಪಂಡಿತರಲ್ಲಿ ಗಟ್ಟಿಯಾದದ್ದು ಈ ಬೀದಿಯ ಕೆಲಸದಿಂದಲೇ. ಆ ಕಾಲದ ಇತರ ಚಿತ್ರಕಾರರು, ಅವರಲ್ಲಿಯೂ ರಘುವೀರ ಮುಳಗಾಂವಕರರು, ಅವರ ರೀತಿಯಿಂದ ಪ್ರಭಾವಿತರಾದರು. ಕಾಯಕವು ಯಾವದಾದರೇನು, ಮಾಡುವವನು ಮನಸ್ಸಿಟ್ಟು ಮಾಡಿದರೆ ಅದರಿಂದಲೇ ಅರಿವು ಹುಟ್ಟುವದೆಂದು ನಮ್ಮ ಹಿರಿಯರು ಹೇಳುತ್ತ ಬಂದುದಕ್ಕೆ ಇದೊಂದು ದೃಷ್ಟಾಂತ.

ಚಲಚಿತ್ರದಿಂದ ಅವರು ಪುರಾಣಕ್ಕೆ ತಿರುಗಿದರು. ನಳ-ದಮಯಂತಿ, ವಿಶ್ವಾಮಿತ್ರ-ಮೇನಕೆ, ಶಕುಂತಲೆ, ರಾಧಾ-ಕೃಷ್ಣ, ಭಾರತದ ವೀರರು ಇವರೆಲ್ಲರೂ ಅವರ ಕುಂಚದಿಂದ ಮೂಡಿ, ದಿನದರ್ಶಿಕೆಯ ಹಾಳೆಗಳಾಗಿ ಅಂಗಡಿ, ಮನೆ, ಗುಡಿಸಲುಗಳನ್ನು ಸೇರಿದರು. ಕೊನೆಗಾಲದಲ್ಲಿ ಅವರು ಕಲಬುರಗಿಗೆ ಮರಳಿದರು. 1993ನೆಯ ಇಸವಿ ಮಾರ್ಚ 30ರಂದು, 77 ವರ್ಷಗಳನ್ನು ಪೂರೈಸಿ ಐದು ದಿನಗಳಾದ ಮೇಲೆ, ದೇಹವನ್ನು ಬಿಟ್ಟರು.

ಈಗ ಅವರ ದೃಷ್ಟಿಯನ್ನು ವಿಚಾರಿಸೋಣ. ಚಿತ್ರಕಾರನ ಸಿದ್ಧಾಂತವನ್ನು ಅವನ ಚಿತ್ರಗಳಲ್ಲಿಯೇ ಓದಿಕೊಳ್ಳಬೇಕು. ಪಂಡಿತರ ದೇವತೆಗಳಿಗೆ ದೇಹವಿದೆ. ದೇಹಕ್ಕೆ ಎಲುಬು, ಮಾಂಸ, ಚರ್ಮ ಇವೆ. ಚರ್ಮದ ಕೆಳಗೆ ರಕ್ತವು ಹರಿಯುತ್ತಿರುವಂತೆ ತೋರುವದು. ನಿಂತವನ ಭಾರವು ಯಾವ ಕಾಲಿನ ಮೇಲಿದೆ ಎಂದು ಹೇಳಬಹುದು. ಉಟ್ಟ ಸೀರೆಯು ಎಲ್ಲಿ ಮೈಗೆ ಅಂಟಿದೆ, ಎಲ್ಲಿ ಗಾಳಿಗೆ ಬಿಟ್ಟಿದೆ ಎಂದು ಹೇಳಬಹುದು. ಕಾಣದ ದೇವರನ್ನು ಕಂಡ ದೇಹದ ಮುಖಾಂತರವೇ ತೋರಿಸಬೇಕೆಂಬದು ಅವರ ಮಾರ್ಗದ ಸಾರವೆಂದು ನಾನು ತಿಳಿದಿರುವೆನು.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೋ ಎಂದರೆ, ಇದೆ. ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಲಾ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಸಾದೃಶ್ಯವು, ಎಂದರೆ ಹೋಲಿಕೆಯು, ಇವುಗಳಲ್ಲಿ ಒಂದು ಅಂಗ. ಅದನ್ನು ಬಿಟ್ಟರೆ ಚಿತ್ರವು ಅಂಗವಿಕಲವಾಗುವದು. ಅದೊಂದನ್ನೇ ಹಿಡಿದರೆ ಉಳಿದ ಐದು ಹೋಗುವವು. ಯಂತ್ರವು ಹಿಡಿಯುವ ಪ್ರತಿರೂಪದಲ್ಲಿ ಸಾದೃಶ್ಯವು ತಾನಾಗಿಯೇ ಬರುವದು. ಭಾವಲಾವಣ್ಯಗಳನ್ನು ಮಾತ್ರ ಮನುಷ್ಯನೇ ಆರಿಸಿ ಕೂಡಿಸಬೇಕು, ಯಂತ್ರವನ್ನು ಹಿಡಿದ ಕೈಯಾದರೂ ಸರಿಯೇ. ಕುಂಚ ಹಿಡಿದವನು ಒಂದು ಮುಖದ ಎದುರಿಗೆ ದಿನಗಟ್ಟಲೆ ಕೂಡುವನು. ಬೆಳಗಿನ ಮುಖ, ಮಧ್ಯಾಹ್ನದ ಆಯಾಸದ ಮುಖ, ಏನನ್ನೋ ನೆನೆದು ಮೃದುವಾದ ಮುಖ, ಇವೆಲ್ಲವನ್ನೂ ಕಂಡು ಅವುಗಳನ್ನು ಒಂದೇ ಮುಖದಲ್ಲಿ ಕೂಡಿಸುವನು. ಆ ಕೂಡಿಸಿದ ಮುಖವು ಯಾವ ಒಂದು ಕ್ಷಣದಲ್ಲಿಯೂ ಇದ್ದದ್ದಲ್ಲ. ಆದರೂ ಬಲ್ಲವರು ನೋಡಿ, ಹೌದು, ಇವರೇ ಎನ್ನುವರು. ಎರಡನೆಯ ಶಂಕೆಗೆ ಇದು ಸಮಾಧಾನ.

ಅಲಂಕಾರಶಾಸ್ತ್ರವನ್ನು ಓದಿದ ವಿದ್ಯಾರ್ಥಿಗಳಿಗೆ ಚಿತ್ರತುರಗನ್ಯಾಯವು ತಿಳಿದದ್ದೇ ಇದೆ. ನಟನನ್ನು ಕಂಡು ಇವನೇ ರಾಮನೆಂದು ಪ್ರೇಕ್ಷಕನು ತಿಳಿಯುವ ಬಗೆಯನ್ನು ಹೇಳುವಾಗ ಶ್ರೀಶಂಕುಕನು ಚಿತ್ರದಲ್ಲಿಯ ಕುದುರೆಯನ್ನು ದೃಷ್ಟಾಂತ ಕೊಟ್ಟನು. ಚಿತ್ರದಲ್ಲಿಯ ಕುದುರೆಯನ್ನು ನೋಡಿ ನಾವು ಕುದುರೆ ಎನ್ನುವೆವು. ಅದು ಸಮ್ಯಗ್ಜ್ಞಾನವಲ್ಲ, ಏಕೆಂದರೆ ಅದನ್ನು ಏರಲು ಬರುವದಿಲ್ಲ. ಮಿಥ್ಯಾಜ್ಞಾನವೂ ಅಲ್ಲ, ಏಕೆಂದರೆ ಯಾರೂ ಮೋಸಹೋಗಿಲ್ಲ. ಕುದುರೆಯೋ ಅಲ್ಲವೋ ಎಂಬ ಸಂಶಯವೂ ಇಲ್ಲ, ಬರಿಯ ಹೋಲಿಕೆಯ ಜ್ಞಾನವೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಅರಿವು ಅದು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಪಟವನ್ನು ನೋಡುತ್ತ, ಚಿತ್ರದಲ್ಲಿಯ ದುಂಬಿಯನ್ನು ನಿಜವೆಂದು ಬಗೆದು ಗದರಿಸುವನು. ಇದು ಚಿತ್ರವೆಂದು ಗೆಳೆಯನು ಎಚ್ಚರಿಸಿದ ಕೂಡಲೆ ದುಃಖದಲ್ಲಿ ಮುಳುಗುವನು. ಅವನಿಗೆ ಪಶ್ಚಾತ್ತಾಪವು ಪೂರ್ಣವಾಗಿ ತಟ್ಟುವಂತೆ ಮಾಡಿದ್ದು ಚಿತ್ರವೇ. ಚಿತ್ರವು ಮರುಳುಮಾಡುವ ವಸ್ತುವೆಂದು ಹಳಿಯುವವರು ಈ ಅಂಕವನ್ನು ಮತ್ತೊಮ್ಮೆ ಓದುವದು ಒಳ್ಳೆಯದು.

ಪಂಡಿತರ ಮೇಲೆ ಬರುವ ಆಕ್ಷೇಪಣೆಗಳನ್ನೂ ಮುಚ್ಚಿಡಬಾರದು. ಶೃಂಗಾರವು ಹೆಚ್ಚಾಯಿತೆಂದು ಕೆಲವರು ಹೇಳುವರು. ದೇವದೇವತೆಗಳು ಚಲಚಿತ್ರದ ನಟನಟಿಯರಂತೆ ಕಾಣುವರೆಂದು ಮತ್ತೆ ಕೆಲವರು ಹೇಳುವರು. ವಿಶ್ವಾಮಿತ್ರನ ಕಥೆಯನ್ನು ಬರೆಯುವವನು ಮೇನಕೆಯ ಸೌಂದರ್ಯವನ್ನು ಮರೆಮಾಚಿದರೆ ಋಷಿಯ ಪತನಕ್ಕೆ ಕಾರಣವೇ ಉಳಿಯುವದಿಲ್ಲ. ಪತನಕ್ಕೆ ಕಾರಣವಿಲ್ಲದಿದ್ದರೆ ಅವನು ಮತ್ತೆ ತಪಸ್ಸಿಗೆ ಎದ್ದುದಕ್ಕೆ ಮಹತ್ತ್ವವಿಲ್ಲ. ಆದ್ದರಿಂದ ಕಥೆಗೆ ಬೇಕಾದ ಶೃಂಗಾರವು ದೋಷವಲ್ಲ. ಆದರೆ ಮಾರಾಟಕ್ಕೆಂದು ಬಂದ ದಿನದರ್ಶಿಕೆಯ ಪಟಗಳಲ್ಲಿ ಅಲಂಕಾರವು ಅರ್ಥವನ್ನು ಮೀರಿದ್ದುಂಟು, ಹಾಗಾಗಿಲ್ಲವೆಂದರೆ ಪಕ್ಷಪಾತವಾದೀತು. ಅನ್ನ ಕೊಟ್ಟ ಬೀದಿಯ ಋಣವು ಕುಂಚದಲ್ಲಿಯೂ ಸ್ವಲ್ಪ ಉಳಿಯಿತು. ಗುಣವನ್ನೂ ಮಿತಿಯನ್ನೂ ಕೂಡಿಯೇ ನೋಡಿದಾಗ ಮನುಷ್ಯನು ಸರಿಯಾಗಿ ಕಾಣುವನು.

ಇನ್ನು ಮೊದಲನೆಯ ಶಂಕೆ: ನಮ್ಮ ಸಮಯಕ್ಕೆ ರೂಪಚಿತ್ರವೇಕೆ? ಪೂಜೆಗೆ ಇಷ್ಟಲಿಂಗವೊಂದೇ, ಪಟವು ಪೂಜೆಯ ವಸ್ತುವಲ್ಲ. ಇದರಲ್ಲಿ ಸಡಿಲು ಮಾಡಬೇಕಾದುದೇನೂ ಇಲ್ಲ. ಆದರೆ ಸ್ಮರಣೆಯು ಬೇರೆ, ಪೂಜೆಯು ಬೇರೆ. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನು ಆಳಂದೆಯವನು, ಎಂದರೆ ಈ ಆಳಂದದವನು. ಅವನಂಥ ಉಗ್ರ ಶಿವನಿಷ್ಠರು ವಿರಳ. ಆದರೂ ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಅವನ ಕಥೆಯನ್ನು ಕಲ್ಲಿನಲ್ಲಿ ಕಂಡರಿಸಿ, ಯಾವ ದೃಶ್ಯ ಯಾವದೆಂದು ಕನ್ನಡದ ಅಕ್ಷರಗಳಲ್ಲಿ ಕೆತ್ತಿದ್ದಾರೆ. ನಮ್ಮ ಹಿರಿಯರು ರೂಪಕ್ಕೆ ಅಂಜಿದವರಲ್ಲ. ರೂಪಕ್ಕೆ ಹೆಸರು ಬರೆದು, ಇದು ಇಂಥವನ ನೆನಹು ಎಂದು ತಿಳಿಸಿದವರು.

ಇನ್ನೊಂದು ಸಂಗತಿಯನ್ನು ಜೇವರ್ಗಿಯ ಭಕ್ತರು ಮನಸ್ಸಿನಲ್ಲಿಡಬೇಕು. ತಮ್ಮ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಮಹಾದಾಸೋಹಿ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ. ಛಾಯಾಚಿತ್ರದ ವಿದ್ಯೆಯು ಪ್ರಪಂಚಕ್ಕೆ ಪ್ರಕಟವಾದದ್ದು 1839ರಲ್ಲಿ, ಎಂದರೆ ಹದಿನೇಳು ವರ್ಷಗಳ ಅನಂತರ. ಬಸವಾದಿ ಶರಣರ ಮಾತಂತೂ ಎಂಟುನೂರಕ್ಕಿಂತ ಹೆಚ್ಚು ವರ್ಷಗಳ ಹಿಂದಿನದು. ಆದುದರಿಂದ ಇವರ ಯಾವ ಪಟವೂ ಯಂತ್ರವು ಹಿಡಿದ ರೂಪವಲ್ಲ. ಭಕ್ತಿಯುಳ್ಳ ಚಿತ್ರಕಾರನು ಕೇಳಿದ ಕಥೆಯಿಂದಲೂ ಕಂಡ ಮನುಷ್ಯರಿಂದಲೂ ಕೂಡಿಸಿಕೊಂಡ ರೂಪ. ಅವನು ಕಂಡ ಮನುಷ್ಯರಾರು? ಭೀಮಾತೀರದ ಒಕ್ಕಲಿಗನ ಭುಜ, ದಾಸೋಹದಲ್ಲಿ ಅಂಬಲಿ ನೀಡುವ ಮುದುಕಿಯ ಕಣ್ಣು, ಮಠದ ಕಟ್ಟೆಯ ಮೇಲೆ ಕುಳಿತ ಅಜ್ಜನ ನೆರಿಗೆಬಿದ್ದ ಹಣೆ. ಯಥಾರ್ಥವನ್ನು ಬರೆಯುವ ಚಿತ್ರಕಾರನು ಮಹಾತ್ಮರ ಮುಖವನ್ನು ಬರೆದಾಗಲೆಲ್ಲ ನಮ್ಮಂಥವರ ಮುಖವನ್ನೇ ಎರವಲು ತೆಗೆದುಕೊಳ್ಳುವನು. ಹಾಗೆ ನೋಡಿದರೆ ಆ ಪಟವು ನಮ್ಮ ಮೇಲೆ ಒಂದು ಋಣವನ್ನು ಹೊರಿಸುವದು: ಈ ಮುಖವು ನಿಮ್ಮದೇ, ಈ ಶಾಂತಿಯನ್ನು ಏಕೆ ಸಂಪಾದಿಸಲಿಲ್ಲ ಎಂದು ಕೇಳುವದು. ಜಂಗಮದಲ್ಲಿ ದೈವವನ್ನು ಕಾಣಬೇಕೆಂಬ ಸಮಯಕ್ಕೆ ಇಂಥ ಚಿತ್ರವು ವಿರೋಧಿಯಲ್ಲ, ನೆರವು.

ಇಷ್ಟನ್ನು ತಿಳಿದ ಮೇಲೆ ಮಾಡಬೇಕಾದುದೇನೆಂಬದನ್ನು ಹೇಳಿ ಮುಗಿಸುವೆನು. ನಮ್ಮ ಸೀಮೆಯ ಮಠಗಳಲ್ಲಿ ಹಿಂದಿನ ಗುರುಗಳ ತೈಲಚಿತ್ರಗಳು ಇವೆ. ಅವುಗಳಲ್ಲಿ ಅನೇಕವು ಧೂಪದ ಹೊಗೆಯಿಂದ ಕಪ್ಪಾಗಿವೆ, ಕೆಲವು ಬಿರಿದಿವೆ. ಇಂಥ ಪಟಗಳನ್ನು ಇಳಿಸಿ ಮೂಲೆಗೆ ಇಟ್ಟು, ಆ ಜಾಗದಲ್ಲಿ ಹೊಳೆಯುವ ಪ್ಲ್ಯಾಸ್ಟಿಕಿನ ಮುದ್ರಿತ ಹಾಳೆಯನ್ನು ಕಟ್ಟುವದು ಈಗ ರೂಢಿಯಾಗುತ್ತಿದೆ. ಉತ್ಸವಕ್ಕೆ ಕಟ್ಟಿದ ಆ ಹಾಳೆಯು ಬಿಸಿಲಿಗೆ ಬೇಗ ಬಣ್ಣಗೆಡುವದು. ಮೂಲೆಗೆ ಹೋದ ಪಟವನ್ನು ಇಲಿ, ಗೆದ್ದಲುಗಳು ತಿನ್ನು‌ವವು. ಗುರುವನ್ನು ಎದುರಿಗೆ ಕೂಡಿಸಿಕೊಂಡು ಯಾರೋ ಒಬ್ಬ ಚಿತ್ರಕಾರನು ದಿನಗಟ್ಟಲೆ ನೋಡಿದ ನೋಟವು ಅದರೊಡನೆ ಹೋಗುವದು. ಅದನ್ನು ಮರಳಿ ತರುವ ಯಂತ್ರವಿಲ್ಲ.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹಗಳು ಇವು. ತೈಲಚಿತ್ರದ ಬಟ್ಟೆಗೆ ವಿಭೂತಿ, ಗಂಧ, ಕುಂಕುಮಗಳನ್ನು ಹಚ್ಚಬಾರದು. ಭಕ್ತಿಯನ್ನು ತೋರಿಸಲು ಎದುರಿಗೆ ಒಂದು ಪೀಠವಿದ್ದರೆ ಸಾಕು. ಒದ್ದೆಬಟ್ಟೆಯಿಂದ ಒರೆಸಬಾರದು, ಹೊಳಪು ಬರಲೆಂದು ಕೊಬ್ಬರಿ ಎಣ್ಣೆಯನ್ನಾಗಲಿ, ಮೇಜುಕುರ್ಚಿಗೆ ಬಳಿಯುವ ವಾರ್ನಿಶನ್ನಾಗಲಿ ಸವರಬಾರದು. ದೀಪ, ಕರ್ಪೂರ, ಊದುಬತ್ತಿಗಳನ್ನು ದೂರವಿಡಬೇಕು. ಹೂವಿನ ಹಾರಕ್ಕಾಗಿ ಚೌಕಟ್ಟಿಗೆ ಮೊಳೆ ಹೊಡೆಯಬಾರದು. ಮಳೆಯ ತೇವ ಹಿಡಿಯುವ ಗೋಡೆಯ ಮೇಲೆಯೂ ನೇರವಾದ ಬಿಸಿಲು ಬೀಳುವ ಕಡೆಯೂ ತೂಗುಹಾಕಬಾರದು. ಪೂರ್ತಿ ಕತ್ತಲೆಯ ಕೋಣೆಯಲ್ಲಿಯೂ ಇಡಬಾರದು, ಏಕೆಂದರೆ ಕತ್ತಲೆಯಲ್ಲಿ ಅಗಸೆಯ ಎಣ್ಣೆಯು ಹಳದಿಗೆ ತಿರುಗುವದು. ಕೆಟ್ಟ ಪಟವನ್ನು ಊರಿನ ಫಲಕ ಬರೆಯುವವನಿಂದ ತಿದ್ದಿಸದೆ, ಅದರ ವಿದ್ಯೆ ಬಲ್ಲವರಿಗೆ ತೋರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಪಟದ ಮೂಲೆಯಲ್ಲಿಯ ಸಹಿಯನ್ನು ಓದಿ, ಬರೆದವನ ಹೆಸರನ್ನೂ ಇಸವಿಯನ್ನೂ ಯಾರ ಚಿತ್ರವೆಂಬದನ್ನೂ ಮಠದ ದಫ್ತರದಲ್ಲಿ ಬರೆದಿಡಬೇಕು. ಅಬ್ಬಲೂರಿನ ಶಿಲ್ಪಿಯು ಕಲ್ಲಿನ ಮೇಲೆ ಹೆಸರನ್ನು ಕೆತ್ತದಿದ್ದರೆ ಆ ದೃಶ್ಯಗಳು ಏಕಾಂತದ ರಾಮಯ್ಯನವೆಂದು ನಾವು ಇಂದು ನಿಶ್ಚಯವಾಗಿ ಹೇಳುವದು ಕಷ್ಟವಾಗುತ್ತಿತ್ತು. ಶಂಕರರಾವ್ ಆಳಂದಕರರಂಥ ಗುರುಗಳ ಕೈಕೆಲಸವು ನಮ್ಮ ಯಾವದೋ ಗೋಡೆಯ ಮೇಲೆ ಹೆಸರಿಲ್ಲದೆ ಇರಲಿಕ್ಕೂ ಸಾಕು. ಹುಡುಕಿ ನೋಡುವದರಲ್ಲಿ ನಷ್ಟವೇನೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡುವಂತೆ, ದಿನಕ್ಕೆ ಒಂದು ವಸ್ತುವನ್ನು ನೋಡಿ ಬರೆಯುವ ಅಭ್ಯಾಸ ಮಾಡಿರಿ. ಗಿಂಡಿಯಾಗಲಿ, ಬಿಲ್ವದ ಎಲೆಯಾಗಲಿ, ಗೆಳೆಯನ ಕಿವಿಯಾಗಲಿ, ಯಾವದಾದರೂ ಸರಿ. ಚಿತ್ರಕಾರರಾಗಬೇಕೆಂದು ಹೇಳುತ್ತಿಲ್ಲ. ಬರೆಯಲು ಕುಳಿತಾಗಲೇ, ಇಷ್ಟು ದಿನ ನೋಡಿದೆನೆಂದುಕೊಂಡುದನ್ನು ನೋಡಿಯೇ ಇರಲಿಲ್ಲವೆಂಬದು ತಿಳಿಯುವದು. ಆ ತಿಳಿವಳಿಕೆಯು ತರ್ಕಶಾಸ್ತ್ರಕ್ಕೂ ಉಪಯೋಗ, ಸಂಸಾರಕ್ಕೂ ಉಪಯೋಗ. ಕೈಯು ನಿಜವಾಗಿಯೂ ಓಡುತ್ತಿದೆ ಎಂದು ಕಂಡ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಹಿರಿಯರು ತಡೆಯಬಾರದು. ಈಗ ಕಲೆಯನ್ನು ಕಲಿಯಲು ಮದ್ರಾಸಿಗೋ ಮುಂಬಯಿಗೋ ಹೋಗಲೇಬೇಕೆಂಬದಿಲ್ಲ. ಕಲಬುರಗಿಯಲ್ಲಿಯೇ ಚಿತ್ರಕಲೆಯ ಶಾಲೆಗಳು ನಡೆದಿವೆ, ಪಂಡಿತರ ಅನಂತರವೂ ಜೆ. ಎಸ್. ಖಂಡೇರಾವ್ ಅವರಂಥವರು ಈ ಯಥಾರ್ಥದ ಮಾರ್ಗವನ್ನು ಇಲ್ಲಿ ಬೆಳಗಿದ್ದಾರೆ.

ಕಂಚುಗಾರ ಕಮ್ಮಾರರ ಕುಲದಲ್ಲಿ ಹುಟ್ಟಿ, ಊರ ಗುರುವಿನಿಂದ ಗೆರೆಯನ್ನು ಕಲಿತು, ಬೀದಿಯ ಫಲಕಗಳಿಂದ ಅನ್ನವನ್ನು ಸಂಪಾದಿಸಿ, ಕೊನೆಗೆ ತನ್ನ ಊರಿಗೇ ಮರಳಿ ಬಂದ ಒಬ್ಬ ಕಾಯಕಜೀವಿಯ ಮಾತು ಇದು. ಕಣ್ಣುಗಳಿಗೆ ರೂಪವನ್ನೂ ರೂಪದಲ್ಲಿ ಅರಿವನ್ನೂ ಆ ಪರಶಿವನು ಎಲ್ಲರಿಗೂ ಕರುಣಿಸಲಿ.

ಶಿವಾರ್ಪಣಮಸ್ತು.